ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ

ಆಸ್ಪತ್ರೆಗಳು ಒಂದಕ್ಕೊಂದು ಹೆಗಲು ಕೊಟ್ಟು ದುಡಿದರೆ ರೋಗಿ ಎಷ್ಟು ಕ್ಷೇಮವಾಗಿರುತ್ತಾನೆಂದು ಕಣ್ಣಾರೆ ಕಾಣಬೇಕೆನ್ನುವವರು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯವರೆಗೆ ಹೋಗಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಕಡೆ ಬಂದು ಒಂದು ಮಾವಿನ ಮರದಿಂದ ಬಿದ್ದರೆ ಸಾಕು.

ಬಿದ್ದವನ ಸೇವೆಗೆ ಇಡೀ ಜಿಲ್ಲೆಯೇ ಎದ್ದು ನಿಲ್ಲುತ್ತದೆ. ತೋಪು ಗುತ್ತಿಗೆ ಹಿಡಿದವರು ಗೂಡ್ಸ್ ಆಟೋ ಕೊಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಬಾಗಿಲಲ್ಲೇ ನೋಡಿ, 'ಇಲ್ಲಿ ಆಗಲ್ಲ ಅಣ್ಣಾ, ಲೇಟ್ ಮಾಡ್ಬೇಡಿ, ಟೌನಿಗೆ ಹೋಗ್ಬಿಡಿ' ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಇರುವ ದಿನ ಅರಿವಳಿಕೆ ಡಾಕ್ಟರು ಇಲ್ಲದಿರಬಹುದು, ಇಬ್ಬರೂ ಇರುವ ದಿನ ಕರೆಂಟು ಇಲ್ಲದಿರಬಹುದು. ಆದರೆ ಚೀಟಿ ಬರೆಯುವ ಪೆನ್ನು ಯಾವತ್ತೂ ಇರುತ್ತದೆ. ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಕೋಲಾರ. ಕೋಲಾರದಲ್ಲಿ ತಲೆಗೂ ಪೆಟ್ಟಾಗಿದೆಯೆಂದು ಗೊತ್ತಾದರೆ ಮತ್ತೆ 70 ಕಿಲೋಮೀಟರ್, ಬೆಂಗಳೂರು, ನಿಮ್ಹಾನ್ಸ್. ಬೆಳಿಗ್ಗೆ ಹತ್ತು ಗಂಟೆಗೆ ಮರದ ಕೆಳಗೆ ಒಬ್ಬಂಟಿಯಾಗಿ ಬಿದ್ದಿದ್ದ ಮನುಷ್ಯ ರಾತ್ರಿಯಾಗುವ ಹೊತ್ತಿಗೆ ನಾಲ್ಕು ಸಂಸ್ಥೆ, ಮೂರು ವಾಹನ, ಹತ್ತಾರು ಸಿಬ್ಬಂದಿಯ ಸಂಪರ್ಕಕ್ಕೆ ಬಂದಿರುತ್ತಾನೆ. ಇಷ್ಟು ಜನರ ಒಡನಾಟ ಅವನಿಗೆ ಮದುವೆಯ ದಿನವೂ ಸಿಕ್ಕಿರಲಾರದು.

ಈ ಸರಪಳಿಯನ್ನು ಕೆಲವರು ಅಪಹಾಸ್ಯ ಮಾಡುತ್ತಾರೆ. ಅವರು ಚೀಟಿಯನ್ನು ಸರಿಯಾಗಿ ಓದಿದವರಲ್ಲ. 'ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ.' ಮೂರೇ ಪದ. ಕನ್ನಡದ ಸಣ್ಣಕತೆಯನ್ನು ಬೆಳೆಸಿದ ಮಾಸ್ತಿಯವರು ನಮ್ಮ ಮಾಲೂರು ತಾಲ್ಲೂಕಿನವರು. ಅವರ ನೆಲದಲ್ಲಿ ಸಣ್ಣಕತೆ ಈ ಮಟ್ಟಕ್ಕೆ ಸಣ್ಣದಾಗುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ. ಏನಾಯಿತು, ಯಾವಾಗ ಆಯಿತು, ನಾಡಿ ಎಷ್ಟಿತ್ತು, ಬಿಪಿ ಎಷ್ಟಿತ್ತು, ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು ಎಂಬ ವಾಚ್ಯಾರ್ಥಗಳನ್ನೆಲ್ಲ ಬಿಟ್ಟು ಧ್ವನಿಯನ್ನು ಮಾತ್ರ ಉಳಿಸಿಕೊಂಡ ರಚನೆ ಅದು. ಮುಂದಿನ ಆಸ್ಪತ್ರೆಯವರು ಸಹೃದಯರಾಗಿದ್ದರೆ ಉಳಿದದ್ದನ್ನು ಊಹಿಸಿಕೊಳ್ಳಬೇಕು. ಆಗದಿದ್ದರೆ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮೊದಲಿನಿಂದ ಮಾಡಿಸಬೇಕು. ಹೀಗೆ ಒಂದೇ ಕಾಲಿಗೆ ಒಂದೇ ದಿನ ಮೂರು ಎಕ್ಸ್‌ರೇ ಭಾಗ್ಯ ದೊರೆಯುವುದು. ಒಂದರಲ್ಲಿ ತಪ್ಪಿದ್ದರೆ ಇನ್ನೊಂದರಲ್ಲಿ ಸಿಗಲಿ ಎಂಬ ದೂರದೃಷ್ಟಿಗೆ ಗುಣಮಟ್ಟದ ಖಾತರಿ ಎನ್ನದೆ ಇನ್ನೇನು ಎನ್ನೋಣ?

ಚೀಟಿಗೆ ಸರ್ಕಾರದ ಬೆಂಬಲವೂ ಇದೆ. 2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಆದರೆ ತುರ್ತಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹೀಗಾಗಿ ಎಷ್ಟೋ ಜನ ಸರ್ಕಾರಿ ಆಸ್ಪತ್ರೆಗೆ ಬರುವುದೇ ಅಲ್ಲಿಂದ ಹೋಗುವುದಕ್ಕೆ. 'ಏನಮ್ಮಾ ತೊಂದರೆ?' ಎಂದು ಡಾಕ್ಟರು ಕೇಳಿದರೆ, 'ತೊಂದರೆ ಏನಿಲ್ಲ ಸಾರ್, ಬರ್ದುಕೊಟ್ಬಿಡಿ' ಎನ್ನುತ್ತಾರೆ. ರೋಗಿಗೂ ವೈದ್ಯರಿಗೂ ಇಂಥ ಸಹಮತ ಜಗತ್ತಿನ ಯಾವ ವೈದ್ಯಕೀಯ ಸಮ್ಮೇಳನದಲ್ಲೂ ಕಾಣಸಿಗದು.

ಇನ್ನು ಶ್ರೀನಿವಾಸಪುರವೂ ಸೇರಿ ನಾಲ್ಕು ತಾಲ್ಲೂಕುಗಳು ಈ ಕೆಲಸವನ್ನು ತಮ್ಮತಮ್ಮಲ್ಲಿ ಹಂಚಿಕೊಂಡ ಪರಿಯನ್ನು ನೋಡಬೇಕು.

ಮಾಲೂರಿನಲ್ಲಿ ರೈಲ್ವೆ ಇಲಾಖೆಯೇ ಪಾಲುದಾರ. ಹೆಂಚಿನ ಕಾರ್ಖಾನೆಯಲ್ಲೋ ಇಟ್ಟಿಗೆ ಗೂಡಿನಲ್ಲೋ ದುಡಿದು ಎದೆ ಹಿಡಿದುಕೊಂಡವರು ಬೆಳಗಿನ ರೈಲಿಗೆ ನಿಂತರೆ ವೈಟ್‌ಫೀಲ್ಡ್. ಅಲ್ಲಿ 2001ರಿಂದ ಸತ್ಯಸಾಯಿ ಆಸ್ಪತ್ರೆಯಲ್ಲಿ ಬಿಲ್ಲಿಲ್ಲದೆ ಹೃದಯಕ್ಕೆ ಚಿಕಿತ್ಸೆ. ಅಲ್ಲಿಯವರೆಗೆ ನಿಂತುಕೊಂಡು ಹೋಗಬಲ್ಲ ಹೃದಯವಾದರೆ ಅರ್ಧ ಪರೀಕ್ಷೆ ರೈಲಿನಲ್ಲೇ ಮುಗಿದ ಹಾಗೆ.

ಮುಳಬಾಗಿಲು ಅಂತರರಾಜ್ಯ ಸಹಯೋಗದ ಕ್ಷೇತ್ರ. ನಂಗಲಿ ದಾಟಿದರೆ ಆಂಧ್ರ, ಆಚೆ ತಿರುಗಿದರೆ ತಮಿಳುನಾಡಿನ ದಾರಿ. ಇಲ್ಲಿಯ ರೋಗಿ ಮನೆಯಲ್ಲಿ ತೆಲುಗಿನಲ್ಲಿ ನರಳಿ, ಕೌಂಟರಿನಲ್ಲಿ ಕನ್ನಡದಲ್ಲಿ ಚೀಟಿ ಮಾಡಿಸಿ, ಇಂಗ್ಲಿಷಿನಲ್ಲಿ ರೆಫರ್ ಆಗಿ, ಕೊನೆಗೆ ವೆಲ್ಲೂರಿನಲ್ಲಿ ತಮಿಳು ಕೇಳುತ್ತಾ ಗುಣವಾಗುತ್ತಾನೆ. ಕುಪ್ಪಂ, ಕೋಲಾರ, ವೆಲ್ಲೂರು ಎಂಬ ಮೂರು ರಾಜ್ಯದ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ಹೇಳುವ ತಜ್ಞರು ಆಸ್ಪತ್ರೆಯ ಒಳಗಿರುವುದಿಲ್ಲ, ಗೇಟಿನ ಮುಂದೆ ಬಾಡಿಗೆ ಕಾರು ನಿಲ್ಲಿಸಿಕೊಂಡಿರುತ್ತಾರೆ. 'ಅಲ್ಲಿಗ್ಯಾಕಣ್ಣಾ ಹೋಗ್ತೀಯ, ಅಲ್ಲಿ ಇವತ್ತು ದೊಡ್ಡ ಡಾಕ್ಟ್ರಿಲ್ಲ' ಎನ್ನುವಷ್ಟು ಖಚಿತ ಮಾಹಿತಿ ಅವರ ಹತ್ತಿರ ಇರುತ್ತದೆ. ಜಿಲ್ಲೆಯ ಮೂರೂ ದಿಕ್ಕಿನ ಆಸ್ಪತ್ರೆಗಳಲ್ಲಿ ಯಾರು ಡ್ಯೂಟಿಯಲ್ಲಿದ್ದಾರೆಂದು ಏಕಕಾಲಕ್ಕೆ ಬಲ್ಲವರು ಸದ್ಯಕ್ಕೆ ಇವರೊಬ್ಬರೇ.

ಕೋಲಾರ ಈ ವ್ಯವಸ್ಥೆಯ ಜಂಕ್ಷನ್. ಎಸ್ಸೆನ್ನಾರ್ ಎಂದು ಊರೆಲ್ಲ ಕರೆಯುವ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಮಿಷನ್ನಿನ ಹಳೆಯ ಇಟಿಸಿಎಂ ಆಸ್ಪತ್ರೆ, ಟಮಕದಲ್ಲಿ 1986ರಲ್ಲಿ ಆರಂಭವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಜಾಲಪ್ಪ ಆಸ್ಪತ್ರೆ, ಎಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಒಂದರಿಂದ ಇನ್ನೊಂದಕ್ಕೆ ರೋಗಿಯನ್ನು ಆಟೋದಲ್ಲಿ ಕಳಿಸಬಹುದು. ಫೋನಿನಲ್ಲಿ ಮಾತಾಡಿ ಮುಗಿಸಬಹುದಾದದ್ದಕ್ಕೆ ಆಟೋ ಓಡಿಸಿದರೆ ನಾಲ್ಕು ಜನರ ಹೊಟ್ಟೆಪಾಡೂ ಆಯಿತಲ್ಲ.

ಇದೇ ಜಿಲ್ಲೆಯಲ್ಲಿ ಸಹಯೋಗದ ಗಂಧವೇ ಇಲ್ಲದ ಒಂದು ಆಸ್ಪತ್ರೆ ಇತ್ತೆಂಬುದನ್ನೂ ಇಲ್ಲಿ ಹೇಳಬೇಕು. ಅದು ಕೆಜಿಎಫ್‌ನ ಗಣಿ ಆಸ್ಪತ್ರೆ. ಹುಟ್ಟಿದ ಮಗು, ಬಸುರಿ, ಸುರಂಗದಲ್ಲಿ ಕಾಲು ಮುರಿದವನು, ದೂಳು ತುಂಬಿದ ಶ್ವಾಸಕೋಶ, ಎಲ್ಲವನ್ನೂ ತಾನೇ ಇಟ್ಟುಕೊಳ್ಳುವ ಹಳೆಯ ಕಾಲದ ಹಠ ಅದರದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಅದರ ಜೊತೆಗೆ ಈ ಹಠವೂ ಕೊನೆಗೊಂಡಿತು. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ಅಲ್ಲಿಯ ಜನ ಸ್ವಯಂಸೇವೆಯಿಂದ ಅದರ ಕಸ ಗುಡಿಸಿ ಮತ್ತೆ ಹಾಸಿಗೆ ಹಾಕಿದರು. ಹಳೆಯ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ನೋಡಿ.

ಈ ಎಲ್ಲ ಹಳ್ಳಗಳೂ ಸೇರುವ ಸಮುದ್ರ ಬೆಂಗಳೂರು. ಅದರೊಂದಿಗೆ ನಮ್ಮ ಒಪ್ಪಂದ ಸರಿಸಮನಾದದ್ದು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ, ಅಂದರೆ ನಮ್ಮವರ ಬಾಯಲ್ಲಿ ಕೆಸಿ ವ್ಯಾಲಿಯಲ್ಲಿ, 2018ರಿಂದ ಆ ನಗರ ತನ್ನ ಬಳಸಿದ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಕಳಿಸುತ್ತಿದೆ. ನಾವು ನಮ್ಮ ರೋಗಿಗಳನ್ನು ಎರಡು ಹಂತ ರೆಫರ್ ಮಾಡಿ ಅದಕ್ಕೆ ಕಳಿಸುತ್ತೇವೆ. ನೀರಿಗೆ ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಹೋರಾಟಗಾರರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ರೋಗಿಗಳ ವಿಷಯದಲ್ಲಿ ಮೂರನೇ ಹಂತ ಆಗಲೇ ಜಾರಿಯಲ್ಲಿದೆ: ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ 'ಬೆಡ್ ಇಲ್ಲ' ಎಂದರೆ ಇನ್ನೊಂದಕ್ಕೆ.

ಹೀಗೆ ಊರೂರು ತಿರುಗುವ ರೋಗಿಯ ವಿವರಗಳೆಲ್ಲ ಕಳೆದುಹೋಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ಅದಕ್ಕೆ ಕವರ್ ಇದೆ. ಜವಳಿ ಅಂಗಡಿಯಲ್ಲಿ ಸೀರೆ ಕೊಂಡಾಗ ಕೊಟ್ಟ ದಪ್ಪನೆಯ, ಹಿಡಿ ಗಟ್ಟಿ ಇರುವ ಪ್ಲಾಸ್ಟಿಕ್ ಕವರ್. ಅದರೊಳಗೆ ಮೂರು ವರ್ಷದ ಹಿಂದಿನ ಸ್ಕ್ಯಾನಿಂಗ್, ಮಡಿಸಬಾರದೆಂದು ಹೇಳಿದ್ದರಿಂದ ಮಡಿಸದೆ ಸುರುಳಿ ಸುತ್ತಿದ ಎಕ್ಸ್‌ರೇ, ತಾಯಿ ಕಾರ್ಡ್, ರೇಷನ್ ಕಾರ್ಡಿನ ಐದು ಜೆರಾಕ್ಸ್, ಯಾವ ಮಾತ್ರೆಯೆಂದು ತಿಳಿಯದಂತೆ ಅರ್ಧ ಕತ್ತರಿಸಿದ ಮಾತ್ರೆಯ ಸ್ಟ್ರಿಪ್ ಇರುತ್ತವೆ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಆರೋಗ್ಯ ಅಭಿಯಾನವನ್ನು ದೇಶಕ್ಕೆಲ್ಲ ವಿಸ್ತರಿಸಿ ಪ್ರತಿಯೊಬ್ಬರಿಗೂ 14 ಅಂಕಿಯ ಆರೋಗ್ಯ ಸಂಖ್ಯೆ ಕೊಡಲು ಹೊರಟಿತು. ಆ ಸಂಖ್ಯೆ ಬರೆದ ಕಾಗದವನ್ನೂ ನಮ್ಮವರು ಜೋಪಾನವಾಗಿ ಅದೇ ಕವರಿನಲ್ಲಿ ಇಟ್ಟಿದ್ದಾರೆ.

ಕವರ್ ಹಿಡಿದವರು ಯಾರು? ಅಳಿಯ, ಮೊಮ್ಮಗ, ನಾದಿನಿ, ಇಲ್ಲವೇ ಹತ್ತನೇ ತರಗತಿಯವರೆಗೆ ಓದಿದ್ದಾನೆಂಬ ಒಂದೇ ಕಾರಣಕ್ಕೆ ಎಳೆದುಕೊಂಡು ಬಂದ ಪಕ್ಕದ ಮನೆಯ ಹುಡುಗ. ಆಸ್ಪತ್ರೆಯ ಭಾಷೆಯಲ್ಲಿ ಇವರು 'ಪೇಷೆಂಟ್ ಕಡೆಯವರು'. ಸ್ಟ್ರೆಚರ್ ತಳ್ಳುವವರು ಇವರು, ಗ್ಲೂಕೋಸ್ ಬಾಟಲಿ ಎತ್ತಿ ಹಿಡಿಯುವ ಕಂಬ ಇವರು, ರಕ್ತದ ಸ್ಯಾಂಪಲ್ ಹಿಡಿದು ಬ್ಲಡ್ ಬ್ಯಾಂಕಿಗೆ ಓಡುವವರು ಇವರು. 'ಹೋದ ಸಾರಿ ಯಾವ ಇಂಜೆಕ್ಷನ್ನಿಗೆ ಅಲರ್ಜಿ ಆಗಿತ್ತು?' ಎಂದು ಕೇಳಿದರೆ, 'ಬಿಳೀ ಬಾಟ್ಲು, ನೀಲಿ ಮುಚ್ಚಳ ಮೇಡಂ' ಎಂದು ಉತ್ತರ ಕೊಡಬೇಕಾದವರೂ ಇವರೇ. ತೋಪಿನಿಂದ ನಿಮ್ಹಾನ್ಸ್‌ವರೆಗೆ ರೋಗಿಯ ಜೊತೆ ಇಡೀ ದಾರಿ ಕ್ರಮಿಸುವವರು ಈ ವ್ಯವಸ್ಥೆಯಲ್ಲಿ ಇವರೊಬ್ಬರೇ. ಉಳಿದವರೆಲ್ಲ ತಮ್ಮ ತಮ್ಮ ಗಡಿಯಲ್ಲಿ ಇಳಿದುಕೊಳ್ಳುತ್ತಾರೆ. ಇಷ್ಟು ಹೊಣೆ ಹೊತ್ತವರಿಗೆ ತರಬೇತಿ ಇಲ್ಲ, ಸಂಬಳ ಇಲ್ಲ, ಕೂರಲು ಬೆಂಚೂ ಇಲ್ಲ. ಇದಕ್ಕಿಂತ ಕಡಿಮೆ ಖರ್ಚಿನ ರೋಗಿ ಸುರಕ್ಷತಾ ಕಾರ್ಯಕ್ರಮ ಯಾವ ದೇಶದಲ್ಲಿದೆ?

ಸುರಕ್ಷತೆಗೆ ನಮ್ಮಲ್ಲಿ ಸಮಿತಿಗಳಿಗೇನೂ ಬರವಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಊರಿಗೊಂದು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ, ಆಸ್ಪತ್ರೆಗೊಂದು ಆರೋಗ್ಯ ರಕ್ಷಾ ಸಮಿತಿ ಹುಟ್ಟಿದವು. ಗ್ರಾಮ ಸಮಿತಿಗೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಮುಕ್ತ ನಿಧಿ ಎಂದಾಯಿತು. ಒಂದು ಊರಿನ ಚರಂಡಿ, ಸೊಳ್ಳೆ, ಬಸುರಿ, ಬಾಣಂತಿ, ಅಪೌಷ್ಟಿಕ ಮಗು ಎಲ್ಲವನ್ನೂ ಹತ್ತು ಸಾವಿರದಲ್ಲಿ ನಿಭಾಯಿಸಿ, ಉಳಿದ ಹಣದಲ್ಲಿ ಗೋಡೆಯ ಮೇಲೆ ಘೋಷಣೆ ಬರೆಸಿದ ಸಮಿತಿಗಳಿಗೆ ಅರ್ಥಶಾಸ್ತ್ರದ ಬಹುಮಾನ ಬಾರದಿರುವುದು ಜಗತ್ತಿನ ನಷ್ಟ. ಆಸ್ಪತ್ರೆಯ ಸಮಿತಿಯ ಸಭೆಯಲ್ಲಿ ಶಾಸಕರು, ತಹಶೀಲ್ದಾರರು, ಇಂಜಿನಿಯರ್, ನಾಮನಿರ್ದೇಶಿತ ಸದಸ್ಯರು ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಸುಣ್ಣಬಣ್ಣದ ವಿಷಯ ಸರ್ವಾನುಮತದಿಂದ ಮುಗಿಯುತ್ತದೆ. ಹೆರಿಗೆ ವಾರ್ಡಿನ ಆಮ್ಲಜನಕದ ವಿಷಯ ಬರುವ ಹೊತ್ತಿಗೆ ಕಾಫಿ ಬರುತ್ತದೆ.

ಗುಣಮಟ್ಟವನ್ನು ಅಳೆಯುವ ಏರ್ಪಾಡಿಗೂ ಕೊರತೆ ಇಲ್ಲ. ಆಸ್ಪತ್ರೆಗಳ ಸ್ವಚ್ಛತೆಗೆಂದು 2015ರ ಮೇ 15ರಂದು ಆರಂಭವಾದ ಕಾಯಕಲ್ಪ ಯೋಜನೆಯಲ್ಲಿ ಒಂದು ಆಸ್ಪತ್ರೆಯವರು ಇನ್ನೊಂದು ಆಸ್ಪತ್ರೆಗೆ ಹೋಗಿ ಅಂಕ ಹಾಕುವ ಹಂತವಿದೆ. ಶೇಕಡ 70 ದಾಟಿದರೆ ಪ್ರಶಸ್ತಿಯ ಅರ್ಹತೆ. ಈ ತಿಂಗಳು ನಿಮ್ಮ ಕಕ್ಕಸು ನಾವು ನೋಡುತ್ತೇವೆ, ಮುಂದಿನ ತಿಂಗಳು ನಮ್ಮದನ್ನು ನೀವು ನೋಡಿರಿ. ಇದು ಮನುಷ್ಯ ಮನುಷ್ಯನನ್ನು ನಂಬುವ ಪದ್ಧತಿ. ತಪಾಸಣೆಯ ದಿನ ಹಳದಿ, ಕೆಂಪು, ನೀಲಿ ಬಕೆಟ್‌ಗಳು ಸ್ಟೋರಿನಿಂದ ಹೊರಬಂದು ಮುಚ್ಚಳ ಸಮೇತ ಸಾಲಾಗಿ ನಿಲ್ಲುತ್ತವೆ. ಕೈ ತೊಳೆಯುವ ಆರು ಹಂತಗಳ ಚಿತ್ರ ಸಿಂಕಿನ ಮೇಲೆ ಅಂಟುತ್ತದೆ. ಆವತ್ತು ನಲ್ಲಿಯಲ್ಲಿ ನೀರೂ ಬರುತ್ತದೆ. ಸೋಂಕನ್ನು ವರ್ಷದಲ್ಲಿ ಒಂದು ದಿನವಾದರೂ ಇಷ್ಟು ಹೆದರಿಸಿದರೆ ಉಳಿದ ದಿನ ಅದು ತಲೆಯೆತ್ತಲಾರದೆಂಬ ತರ್ಕವನ್ನು ಒಪ್ಪಲೇಬೇಕು.

ಬಾಣಂತಿ ಸತ್ತರೆ ಅದರ ಪರಿಶೀಲನೆಗೂ ಮಾರ್ಗಸೂಚಿ ಇದೆ. ಯಾರ ತಪ್ಪು ಎಂದು ಹುಡುಕಬಾರದು, ಎಲ್ಲಿ ತಡವಾಯಿತು ಎಂದು ಹುಡುಕಬೇಕೆನ್ನುತ್ತದೆ ಅದು. ಮನೆಯಲ್ಲಿ ನಿರ್ಧಾರ ತಡವಾಯಿತೇ, ದಾರಿಯಲ್ಲಿ ತಡವಾಯಿತೇ, ಆಸ್ಪತ್ರೆಯಲ್ಲಿ ತಡವಾಯಿತೇ ಎಂಬ ಮೂರು ಪ್ರಶ್ನೆ. ನಮ್ಮವರು ಇದರ ಮೊದಲರ್ಧವನ್ನು ಚಾಚೂತಪ್ಪದೆ ಪಾಲಿಸುತ್ತಾರೆ, ಯಾರ ತಪ್ಪೂ ಸಿಗುವುದಿಲ್ಲ. ಎರಡನೆಯ ಅರ್ಧಕ್ಕೆ ಬಂದಾಗ ಮನೆಯವರೇ ತಡಮಾಡಿದರೆಂದು ಬಹುಪಾಲು ತಿಳಿದುಬರುತ್ತದೆ, ಯಾಕೆಂದರೆ ಸಭೆಯಲ್ಲಿ ಕೂತು ಮಾತಾಡುವವರ ಪೈಕಿ ಮನೆಯವರು ಕಡಿಮೆ.

ಹೊರ ಜಗತ್ತು ಇಷ್ಟೆಲ್ಲ ಪ್ರಗತಿಯನ್ನು ಕಾಣದೆ ಇನ್ನೂ ಪಟ್ಟಿಗಳನ್ನು ಹಿಡಿದು ಒದ್ದಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರಿಗೆ 19 ಅಂಶಗಳ ಒಂದು ಹಾಳೆ ಮಾಡಿ, ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಓದಿಸಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವು ಶೇಕಡ 1.5ರಿಂದ 0.8ಕ್ಕೆ ಇಳಿದಿತ್ತು. ಹಾಳೆಯಲ್ಲಿ ಬರೆದಿದ್ದೇನು? ಥಿಯೇಟರಿನಲ್ಲಿರುವವರೆಲ್ಲ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು; ಮಲಗಿರುವವರು ಯಾರು, ಯಾವ ಕಡೆಯ ಕಾಲು ಎಂದು ಜೋರಾಗಿ ಹೇಳಬೇಕು. ನಮ್ಮಲ್ಲಿ ಇದರ ಅಗತ್ಯ ಬೀಳದು. ಎಲ್ಲರೂ ಎಲ್ಲರಿಗೂ ಗೊತ್ತು: ದೊಡ್ಡ ಡಾಕ್ಟ್ರು, ಚಿಕ್ಕ ಡಾಕ್ಟ್ರು, ಸಿಸ್ಟರ್, ಆಯಮ್ಮ. ಹೆಸರಿನ ಹಂಗೇ ಇಲ್ಲ. ಆಯಮ್ಮ 'ಸಾರ್, ಅದು ಎಡಗಾಲಲ್ವಾ?' ಎಂದು ಬಾಯಿ ಬಿಡುವಂಥ ಅಶಿಸ್ತಿಗೂ ಅವಕಾಶವಿಲ್ಲ.

ಹೆರಿಗೆಗೂ ಇಂಥದೇ ಹಾಳೆಯೊಂದನ್ನು ಮಾಡಿ 2010ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗ ಮಾಡಿದರು. ಕೈ ತೊಳೆಯುವುದು, ಬಿಪಿ ನೋಡುವುದು, ಹೆರಿಗೆಯಾದ ಕೂಡಲೇ ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಡುವುದು ಹೀಗೆ ಪ್ರತಿ ಹೆರಿಗೆಯಲ್ಲೂ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಹಾಳೆ ಬಂದ ಮೇಲೆ 25. ಆಮೇಲೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡದಾಗಿ ಮಾಡಿದಾಗ ಕೆಲಸಗಳು ಹೆಚ್ಚಿದವು, ಆದರೆ ಸಾವು ಇಳಿಯಲಿಲ್ಲ ಎಂದು 2017ರಲ್ಲಿ ವರದಿ ಬಂತು. ನಮ್ಮ ಅನುಭವಿಗಳು ಮುಗುಳ್ನಕ್ಕರು. ಬರೀ ಕಾಗದದಿಂದ ಜೀವ ಉಳಿಯುವುದಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಯಾರೂ ಸಾಯಬಾರದಾಗಿತ್ತು. ಹಾಳೆಯ ಹಿಂದೆ ರಕ್ತ, ಔಷಧಿ, ರಾತ್ರಿ ಎರಡು ಗಂಟೆಗೂ ಎದ್ದು ಬರುವ ಡಾಕ್ಟರು ಬೇಕೆಂಬುದು ಆ ವರದಿಯ ಒಳಮಾತು. ಅದನ್ನು ಓದುವಷ್ಟರಲ್ಲಿ ನಮ್ಮವರು ಹಾಳೆಯನ್ನೇ ಮಡಿಸಿ ಇಟ್ಟಿದ್ದರು.

ಮತ್ತೊಂದು ಪದ್ಧತಿ ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಒಬ್ಬರು ಇನ್ನೊಬ್ಬರಿಗೆ ಕೆಲಸ ಒಪ್ಪಿಸುವಾಗ ನಾಲ್ಕು ಮಾತು ಹೇಳಬೇಕು: ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೇನು ಅನಿಸುತ್ತದೆ, ನೀವೇನು ಮಾಡಬೇಕು. ನೀರಿನ ತಳದಲ್ಲಿರುವವರ ಕಷ್ಟ ಅರ್ಥವಾಗುತ್ತದೆ. ಅಲ್ಲಿಂದ ರೆಫರ್ ಮಾಡಲು ಜಾಗವಿಲ್ಲ, ಮಾತಾಡಲೇಬೇಕು. ನಮಗೆ ಸುಸಜ್ಜಿತ ಹೆದ್ದಾರಿ ಇದೆ.

ಖಾಸಗಿಯವರ ಪಾಲನ್ನು ಹೇಳದಿದ್ದರೆ ಈ ಸ್ತುತಿ ಅಪೂರ್ಣ. 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ದರ, ದೂರು, ರೋಗಿಯ ಹಕ್ಕು ಎಂದೆಲ್ಲ ಸರ್ಕಾರ ಮಾತಾಡಿದಾಗ ರಾಜ್ಯದ ಖಾಸಗಿ ಆಸ್ಪತ್ರೆಗಳು ಒಟ್ಟಾಗಿ ಹೊರರೋಗಿ ವಿಭಾಗದ ಬಾಗಿಲು ಹಾಕಿದವು. ಪಕ್ಕದ ಬೀದಿಯ ಡಾಕ್ಟರಿಗೆ ಫೋನ್ ಮಾಡಿ ಒಂದು ರೋಗಿಯ ವಿಷಯ ಕೇಳದವರು ಬೀದರಿನಿಂದ ಮುಳಬಾಗಿಲಿನವರೆಗೆ ಒಂದೇ ದಿನ, ಒಂದೇ ಗಂಟೆಗೆ ಒಂದಾದರು. ಮನಸ್ಸು ಮಾಡಿದರೆ ಆಸ್ಪತ್ರೆಗಳು ಎಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡಬಲ್ಲವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಿಲ್ಲ. ಇನ್ನು ರೋಗಿಯನ್ನು ಕಳಿಸಿಕೊಟ್ಟವರಿಗೆ ಪಾಲು ಕೊಡಬಾರದೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಹಾಗಾಗಿ ಯಾರೂ ಅದನ್ನು ಪಾಲು ಎಂದು ಕರೆಯುವುದಿಲ್ಲ.

ಇಷ್ಟಾದರೂ ಊರಲ್ಲಿ ಒಂದು ಆಕ್ಷೇಪಣೆ ಇದೆ, ಅದು ಹಾಲಿನ ಡೇರಿಯ ಕಡೆಯಿಂದ ಬಂದದ್ದು. ನಮ್ಮ ಹಳ್ಳಿಗಳಲ್ಲಿ ಬೆಳಗಿನ ಜಾವ ಹೆಂಗಸರು ಕ್ಯಾನ್ ಹಿಡಿದು ಡೇರಿ ಮುಂದೆ ನಿಲ್ಲುತ್ತಾರೆ. ಪ್ರತಿ ಮನೆಯ ಹಾಲಿಗೂ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡಿ ಪಾಸ್‌ಬುಕ್ಕಿಗೆ ಬರೆಯುತ್ತಾರೆ, ಸಂಜೆ ಮತ್ತೊಮ್ಮೆ. ಹಾಲು 4 ಡಿಗ್ರಿಗೆ ತಣಿದು ಟ್ಯಾಂಕರ್ ಹತ್ತುವಾಗ ಯಾವ ಊರಿನದು, ಎಷ್ಟು ಲೀಟರು, ಎಷ್ಟು ಹೊತ್ತಿಗೆ ಹೊರಟಿತು ಎಂಬ ಲೆಕ್ಕ ಅದರ ಜೊತೆಗೇ ಹೋಗುತ್ತದೆ. ಅಲ್ಲಿ ಒಡೆದರೆ ಇಲ್ಲಿಗೆ ಸುದ್ದಿ ವಾಪಸ್ ಬರುತ್ತದೆ. ಅದೇ ಹೆಂಗಸು ಅದೇ ರಸ್ತೆಯಲ್ಲಿ ಹೆರಿಗೆ ನೋವಿನಲ್ಲಿ ಹೊರಟರೆ ಮುಂದಿನ ಆಸ್ಪತ್ರೆಗೆ ಆಕೆ ಬರುವುದು ಆಕೆ ಬಂದಾಗಲೇ ಗೊತ್ತಾಗುತ್ತದಲ್ಲ, ಹಾಲಿಗಿರುವ ಮರ್ಯಾದೆ ಹಾಲು ಕರೆದವಳಿಗೆ ಬೇಡವೇ ಎಂದು ಕೇಳುತ್ತಾರೆ. ಇದು ತಿಳಿಗೇಡಿ ಪ್ರಶ್ನೆ. ಹಾಲಿಗೆ ಬಾಯಿಲ್ಲ, ಅದರ ಪರವಾಗಿ ಯಾರಾದರೂ ಬರೆಯಬೇಕು. ಹೆಂಗಸಿಗೆ ಬಾಯಿದೆ. ಫಿಟ್ಸ್ ಬಂದು ಎಚ್ಚರ ತಪ್ಪುವವರೆಗೆ ತನ್ನ ವಿಷಯ ತಾನೇ ಹೇಳಿಕೊಳ್ಳಬಹುದು. ಅದೂ ಅಲ್ಲದೆ ಹಾಲು ಒಡೆದರೆ ನಷ್ಟ ಒಕ್ಕೂಟಕ್ಕೆ.

ಇಂಥ ಸುಭದ್ರ ವ್ಯವಸ್ಥೆಗೆ ಈಚೆಗೆ ಕೆಲವು ಕಡೆಯಿಂದ ಅಪಾಯ ಬಂದಿದೆ. ಅದನ್ನು ಬಯಲಿಗೆಳೆಯುವುದು ನನ್ನ ಕರ್ತವ್ಯ.

ಮೊದಲನೆಯ ಅಪಾಯ, 2023ರಲ್ಲಿ ರಾಜ್ಯ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ ಎದೆನೋವೆಂದು ಬಂದವರಿಗೆ ಅಲ್ಲೇ ಇಸಿಜಿ ಮಾಡಿ, ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೃದಯಾಘಾತವೆಂದು ಅಲ್ಲಿಂದ ಹೇಳಿದ ಕೂಡಲೇ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಇಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಿನ ಮಾತು. ಅಂದರೆ ಕಾಗದ ಬೆಂಗಳೂರಿಗೆ ಹೋಗುತ್ತದೆ, ರೋಗಿ ಇದ್ದಲ್ಲೇ ಇರುತ್ತಾನೆ! ರೋಗಿ ಹೋಗಬೇಕು, ವಿವರ ಇಲ್ಲೇ ಉಳಿಯಬೇಕೆಂಬ ನಮ್ಮ ತಲೆತಲಾಂತರದ ಪದ್ಧತಿಯನ್ನು ಹೀಗೆ ತಿರುಗುಮುರುಗು ಮಾಡಿದರೆ ನಾಳೆ ಬಾಡಿಗೆ ಕಾರಿನವರ ಗತಿಯೇನು?

ಎರಡನೆಯ ಅಪಾಯ, ಗಾಜಿನ ಕೊಳವೆ. ಹೊಲದಲ್ಲಿ ಹಾವು ಕಚ್ಚಿದವರು ಬಂದರೆ ಒಣಗಿದ ಶುದ್ಧ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ನೋಡಬೇಕಂತೆ. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ, ತಕ್ಷಣ ಅಲ್ಲೇ ವಿಷನಿರೋಧಕ ಶುರು ಮಾಡಬೇಕು. 2024ರಲ್ಲಿ ರಾಜ್ಯ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದ ಮೇಲೆ ಇಂಥ ಮಾತು ಹೆಚ್ಚಾಗಿದೆ. 20 ನಿಮಿಷ ಸುಮ್ಮನೆ ಕೊಳವೆ ನೋಡುತ್ತಾ ಕೂರುವುದಕ್ಕೆ ಬದಲು ಅಷ್ಟರಲ್ಲಿ ಮುಂದಿನ ಆಸ್ಪತ್ರೆಯ ಅರ್ಧ ದಾರಿ ಮುಗಿಸಬಹುದಲ್ಲ? ವಿಷವೂ ಜೊತೆಯಲ್ಲೇ ಪ್ರಯಾಣ ಮಾಡುತ್ತದೆಂಬುದು ಬೇರೆ ಮಾತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಿ, ಯಾವುದೆಂದು ಹೇಳುವುದಿಲ್ಲ, ಒಬ್ಬ ಸ್ಟಾಫ್ ನರ್ಸ್ ಇದ್ದಾರೆಂದು ಕೇಳಿದ್ದೇನೆ. ಬಿಪಿ ಏರಿದ ಬಸುರಿಯನ್ನು ಕಳಿಸಬೇಕಾಗಿ ಬಂದರೆ ಈಕೆ ಮೊದಲು ಮ್ಯಾಗ್ನೀಷಿಯಂ ಇಂಜೆಕ್ಷನ್ನಿನ ಮೊದಲ ಡೋಸ್ ಕೊಡಿಸುತ್ತಾರೆ. ಆಮೇಲೆ ಚೀಟಿಯಲ್ಲಿ ಟೈಮು, ಡೋಸ್, ಬಿಪಿ, ರಕ್ತದ ಗುಂಪು ಎಲ್ಲ ಓದುವ ಹಾಗೆ ಬರೆಯುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಜಿಲ್ಲಾ ಕೇಂದ್ರದ ಲೇಬರ್ ವಾರ್ಡಿಗೆ ಫೋನ್ ಮಾಡಿ, 'ಅಕ್ಕಾ, ಒಂದು ಪೇಷೆಂಟ್ ಬಿಟ್ಟಿದ್ದೀನಿ, ಮುಕ್ಕಾಲು ಗಂಟೆಗೆ ನಿಮ್ಮ ಹತ್ರ ಇರ್ತಾರೆ, ಓ ನೆಗೆಟಿವ್, ರಕ್ತ ನೋಡಿಡಿ' ಎನ್ನುತ್ತಾರಂತೆ. ಸಂಜೆ ಮತ್ತೆ ಫೋನ್ ಮಾಡಿ, 'ಏನಾಯ್ತಕ್ಕಾ, ತಾಯಿ ಮಗು ಹುಷಾರಾ?' ಎಂದು ಕೇಳುತ್ತಾರಂತೆ. ಕಳಿಸಿದ ಮೇಲೆ ರೋಗಿ ತಮ್ಮವರಲ್ಲ ಎಂಬ ಮೂಲಭೂತ ತಿಳಿವಳಿಕೆಯೂ ಆಕೆಗಿಲ್ಲ. ಇದಕ್ಕೆ ಸಮಿತಿಯ ನಿರ್ಣಯವಿಲ್ಲ, ಆದೇಶವಿಲ್ಲ, ಪ್ರಮಾಣಪತ್ರವಿಲ್ಲ, ಉದ್ಘಾಟನೆಯೂ ಆಗಿಲ್ಲ.

ಆಕೆಯ ಮೇಲೆ ಕ್ರಮ ಕೈಗೊಳ್ಳಬೇಕೆಂದು ನಾನು ಮೇಲಿನವರಿಗೆ ಬರೆಯುವವನಿದ್ದೆ. ವರ್ಗಾವಣೆಯೇ ಸರಿ ಎಂದುಕೊಂಡೆ. ಆಮೇಲೆ ಯೋಚಿಸಿದರೆ ಅದೂ ಅಪಾಯ. ಬೇರೆ ತಾಲ್ಲೂಕಿಗೆ ಹೋದರೆ ಅಲ್ಲಿಯ ನಾಲ್ಕು ಸಿಸ್ಟರುಗಳಿಗೆ ಈ ಅಭ್ಯಾಸ ಅಂಟುತ್ತದೆ. ಹಳೆಯ ಕಡೆಯ ನಂಬರುಗಳು ಆಕೆಯ ಫೋನಿನಲ್ಲಿ ಇದ್ದೇ ಇರುತ್ತವೆ. ಎರಡು ತಾಲ್ಲೂಕಿನ ಲೇಬರ್ ವಾರ್ಡುಗಳು ಒಂದರ ಜೊತೆ ಒಂದು ಮಾತಾಡತೊಡಗುತ್ತವೆ. ನಾಲ್ಕು ಸಾರಿ ವರ್ಗ ಮಾಡಿದರೆ ಇಡೀ ಜಿಲ್ಲೆ ಕೈಬಿಟ್ಟುಹೋದಂತೆ. ಅದಕ್ಕೇ ಆಕೆ ಇದ್ದಲ್ಲೇ ಇರಲಿ, ಆ ಫೋನಿಗೆ ಕರೆನ್ಸಿ ಹಾಕಿಸಿ ಈ ಪಿಡುಗನ್ನು ಪೋಷಿಸುತ್ತಿರುವವರು ಯಾರೆಂದು ಮೊದಲು ಪತ್ತೆಯಾಗಲಿ ಎಂದು ಸಲಹೆ ಮಾಡುತ್ತೇನೆ. ಇಲಾಖೆಯಲ್ಲಿ ವಿಚಾರಿಸಿದೆ, ಅವರಲ್ಲವಂತೆ. ಆರೋಗ್ಯ ರಕ್ಷಾ ಸಮಿತಿಯ ಲೆಕ್ಕದಲ್ಲೂ ಅಂಥ ಬಾಬ್ತಿಲ್ಲ. ಆಕೆ ತನ್ನ ಸಂಬಳದಲ್ಲೇ ಹಾಕಿಸಿಕೊಳ್ಳುತ್ತಾರಂತೆ.